ನಾತಾಳದಿಂದ ದೀಪಾವಳಿಗೆ ಬಂದ ಕಥೆ

ಹಬ್ಬದ ಸೂಟಿಗೆಂದೇ ಕಥೆ, ಕಾದಂಬರಿ ಆರಿಸಿಟ್ಟುಕೊಳ್ಳುವ ರೂಢಿಯ ಬೆನ್ನು ಹತ್ತಿ ಹೋದರೆ ತೇರದಾಳದಿಂದ ಹೊರಟವರು ಲಂಡನ್ನಿನ ನಾತಾಳಕ್ಕೆ ಹೋಗಿ ಮುಟ್ಟುತ್ತೇವೆ. 1843ರ ಡಿಸೆಂಬರ್ 19ರಂದು ಚಾರ್ಲ್ಸ್ ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’ ಹೊರಬಂತು. ಮೊದಲ ಮುದ್ರಣದ 6,000 ಪ್ರತಿಗಳು ಹಬ್ಬದೊಳಗೇ ಖರ್ಚಾದವು. ಮುಂದೆ ತನ್ನ ವಾರಪತ್ರಿಕೆಗಳಿಗೂ ಅವನು ನಾತಾಳದ ವಿಶೇಷ ಸಂಚಿಕೆಗಳನ್ನು ತಂದ.

ಇಂಥ ಸಂಚಿಕೆಗಳನ್ನು ಕಂಡೇ ಕಾಶೀನಾಥ ರಘುನಾಥ ಮಿತ್ರರಿಗೆ ದೀಪಾವಳಿಯ ವಿಚಾರ ಹೊಳೆಯಿತೆಂಬ ಮಾತು ಮರಾಠಿಯಲ್ಲಿದೆ. ಅವರ ‘ಮನೋರಂಜನ’ ಮಾಸಪತ್ರಿಕೆ 1909ರಲ್ಲಿ ಮುಂಬಯಿಯಿಂದ ದೀಪಾವಳಿ ಸಂಚಿಕೆ ಹೊರಡಿಸಿತು. ಆಗ ತೇರದಾಳ ಸಾಂಗಲಿ ಸಂಸ್ಥಾನದ ಊರು. ಪಟವರ್ಧನರ ಆಡಳಿತದಲ್ಲಿ ಕಲಿತವರಿಗೆ ಮರಾಠಿ ಓದು ಮನೆಯ ಓದೇ ಆಗಿತ್ತು.

ಕನ್ನಡದ ಕಾದಂಬರಿಯನ್ನು ಇಂಥ ಓದುಗರ ಕೈಗಿಡಬೇಕೆಂದು ಹಟ ಹಿಡಿದವರು ಗಳಗನಾಥರು. ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. 1907ರಲ್ಲಿ ಹಾವೇರಿ ಬಳಿಯ ಅಗಡಿಯಿಂದ ಅವರ ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ಶುರುವಾಯಿತು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ ಅವರ ಕಷ್ಟವನ್ನು ನಮ್ಮ ಭಾಗದವರು ಮರೆಯಬಾರದು.

ಅಲ್ಲಿಂದ ಮುಂದಿನ ಹೆಜ್ಜೆಯೇ ನನಗೆ ಬಹಳ ಮುಖ್ಯವೆನಿಸುತ್ತದೆ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಗೆಳೆಯರೊಡನೆ ಮನೋಹರ ಗ್ರಂಥಮಾಲೆ ಕಟ್ಟಿದರು. ಮೊದಲ ಪುಸ್ತಕ ಆನಂದಕಂದರ ‘ಸುದರ್ಶನ’. ಓದುಗರು ಚಂದಾದಾರರಾಗಬೇಕು, ಪುಸ್ತಕ ಟಪಾಲಿನಲ್ಲಿ ಮನೆಗೆ ಬರಬೇಕು. ಯಾವ ಪುಸ್ತಕ ಬರುತ್ತದೆಂಬುದನ್ನು ಗ್ರಂಥಮಾಲೆಯವರೇ ಗೊತ್ತುಮಾಡುತ್ತಿದ್ದರು. ಪುಸ್ತಕದಂಗಡಿ ಇಲ್ಲದ ಊರಿನ ಮಾಸ್ತರರ ಮನೆಗೂ, ರಾಜಧಾನಿಯವರು ಓದುತ್ತಿದ್ದ ಕಾದಂಬರಿಯೇ ಬರುವಂತಾಯಿತು. ಬೇಂದ್ರೆ, ಆಮೇಲೆ ಕೀರ್ತಿನಾಥ ಕುರ್ತಕೋಟಿ, ಇಂಥವರ ಸಲಹೆ ಬೆನ್ನಿಗಿತ್ತು. ಓದುಗರು ಪುಸ್ತಕ ನೋಡುವ ಮೊದಲೇ ಹಣ ಕೊಟ್ಟದ್ದು ಆ ವಿಶ್ವಾಸದ ಮೇಲೆ. ‘ಗಂಗವ್ವ ಗಂಗಾಮಾಯಿ’, ‘ಸಂಸ್ಕಾರ’ ಬಂದದ್ದು ಈ ಮಾಲೆಯಿಂದಲೇ. 1956ರಲ್ಲಿ ಹುಬ್ಬಳ್ಳಿಯಿಂದ ಶುರುವಾದ ‘ಕಸ್ತೂರಿ’ ಮಾಸಪತ್ರಿಕೆ ತಿಂಗಳಿಗೊಂದು ಪುಸ್ತಕವನ್ನು ಸಂಗ್ರಹಿಸಿ ಕೊಟ್ಟು ಓದಿನ ದಾರಿಯನ್ನು ಇನ್ನಷ್ಟು ಸಲೀಸು ಮಾಡಿತು.

ಈಗಲೂ ದೀಪಾವಳಿ ಸಂಚಿಕೆಗಳು ಬರುತ್ತವೆ, ದಪ್ಪವಾಗಿಯೇ ಬರುತ್ತವೆ. ಜಾಹೀರಾತಿನ ಪುಟಗಳ ನಡುವೆ ಕಥೆಯನ್ನು ಹುಡುಕಬೇಕು. ಡಿಸೆಂಬರಿಗೆ ಏನು ಓದಬೇಕೆಂದು ಫೋನು ಹೇಳುವ ಪಟ್ಟಿಗಳಲ್ಲಿ ಕನ್ನಡವೇ ಅಪರೂಪ. ಓದಿ, ತೂಗಿ, ಇದು ನಿಮಗಾಗಿ ಎಂದು ಕಳಿಸುವವರು ಕಡಿಮೆಯಾದದ್ದೇ ನನ್ನ ಸಂಕಟ.

ಈ ನಾತಾಳ ಸೂಟಿಗೆ ತೇರದಾಳದವರು ಒಂದೇ ಕಾದಂಬರಿ ಓದುವುದಾದರೆ ನಾನು ರಾವಬಹಾದ್ದೂರರ ‘ಗ್ರಾಮಾಯಣ’ವನ್ನು ಹೇಳುತ್ತೇನೆ. 1957ರ ಪುಸ್ತಕ. ಬರೆದವರು ಜಮಖಂಡಿ ಸೀಮೆಯ ಹಿರೇಪಡಸಲಗಿಯವರು. ಅದರಲ್ಲಿ ಒಂದಿಡೀ ಹಳ್ಳಿಯೇ ಕಥಾನಾಯಕ. ಮಾತು, ಜಗಳ, ಗೌಡಕಿ, ದೇಸಗತಿ ಎಲ್ಲವೂ ನಮ್ಮವು. ತೇರದಾಳ, ರಬಕವಿ, ಬನಹಟ್ಟಿಯ ವಾಚನಾಲಯಗಳಲ್ಲಿ ಅದರ ಪ್ರತಿ ಇಲ್ಲದಿದ್ದರೆ ಈ ತಿಂಗಳೇ ತರಿಸಲಿ.