ಸೈಕಲ್ ಕೊಟ್ಟರೆ ಸಾಕೇ, ದಾರಿ ಬೇಡವೇ?

ಬೆಳಗ್ಗೆ ಮಗಳು ಸೈಕಲ್ ಹತ್ತಿ ಶಾಲೆಗೆ ಹೊರಟರೆ, ಸಂಜೆ ಅವಳು ಮನೆ ಸೇರುವ ತನಕ ತಾಯಿಗೆ ಸಮಾಧಾನವಿಲ್ಲ. ಹಿಂದಿನಿಂದ ಕಾರಿನ ಹಾರ್ನ್ ಕೇಳಿದೊಡನೆ ಬೆದರಿ ರಸ್ತೆಬದಿಯ ಮಣ್ಣಿಗೆ ಇಳಿಯಬೇಕಾದವರು ಯಾವಾಗಲೂ ಸೈಕಲಿನವರೇ. ರಸ್ತೆಯೆಂದರೆ ದೊಡ್ಡ ವಾಹನದವರ ಸೊತ್ತೇ?

ಇಂದು ಸೈಕಲ್‌ಗಳ ನಾಡೆಂದು ಹೆಸರಾಗಿರುವ ನೆದರ್‌ಲ್ಯಾಂಡ್ಸ್‌ನಲ್ಲೂ ಒಂದು ಕಾಲದಲ್ಲಿ ಇದೇ ಪಾಡಿತ್ತು. 1971ರ ಒಂದೇ ವರ್ಷದಲ್ಲಿ ಅಲ್ಲಿನ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳಿದ್ದರು. ಅಪಘಾತದಲ್ಲಿ ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ 1972ರಲ್ಲಿ ಬರೆದ ಲೇಖನ ಹೆತ್ತವರನ್ನು ಬಡಿದೆಬ್ಬಿಸಿತು. 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಚಳವಳಿ ಹುಟ್ಟಿತು. ಅದರ ಮೊದಲ ಅಧ್ಯಕ್ಷೆ ಮಾರ್ಟಿಯೆ ವಾನ್ ಪುಟೆನ್ ಆಗ ಎಳೆಯ ತಾಯಿ. ಹೆತ್ತವರು ಬೀದಿಗಳನ್ನು ಮುಚ್ಚಿ ಮಕ್ಕಳನ್ನು ಆಡಲು ಬಿಟ್ಟರು. 1973ರ ತೈಲ ಬಿಕ್ಕಟ್ಟಿನಲ್ಲಿ ಸರಕಾರವೇ ಭಾನುವಾರಗಳಂದು ಕಾರುಗಳನ್ನು ನಿಲ್ಲಿಸಿದಾಗ, ಕಾರಿಲ್ಲದ ರಸ್ತೆಯ ನೆಮ್ಮದಿ ಜನರಿಗೆ ತಿಳಿಯಿತು. ಕ್ರಮೇಣ ಸೈಕಲ್‌ಗೆ ಪ್ರತ್ಯೇಕ ಪಥಗಳು ಬಂದವು. 2010ರಲ್ಲಿ ರಸ್ತೆಯಲ್ಲಿ ಸತ್ತ ಮಕ್ಕಳ ಸಂಖ್ಯೆ 14ಕ್ಕೆ ಇಳಿದಿತ್ತು.

ಅವರ ಉಪಾಯ ಸರಳ. ವಾಹನಗಳು ವೇಗವಾಗಿ ಓಡುವ ರಸ್ತೆಯಲ್ಲಿ ಸೈಕಲ್‌ಗೆ ಬೇರೆಯೇ ಹಾದಿ, ಮನೆಗಳಿರುವ ಬೀದಿಯಲ್ಲಿ ಕಾರಿನ ವೇಗಕ್ಕೆ ಕಡಿವಾಣ. ವೇಗ ಗಂಟೆಗೆ 30ರಿಂದ 60 ಕಿ.ಮೀ.ಗೆ ಏರಿದರೆ ಕಾರಿನ ಚಲನ ಶಕ್ತಿ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಬರೀ ಬಣ್ಣದ ಗೆರೆ ಎಳೆದರೆ ಕಾರು ನಿಲ್ಲದು. ನಡುವೆ ಕಲ್ಲಿನ ಕಟ್ಟೆ ಬೇಕು.

ಆದರೆ ಎಲ್ಲವನ್ನೂ ಸರಕಾರದ ಮೇಲೆ ಹೊರಿಸಿ ಕೂರುವುದು ಸರಿಯಲ್ಲ. ಕಾರಿನ ಬಾಗಿಲನ್ನು ಅದರ ಪಕ್ಕದ ಕೈಯಿಂದ ತೆರೆಯದೆ ಇನ್ನೊಂದು ಕೈಯಿಂದ ತೆರೆಯಿರಿ. ಆಗ ದೇಹ ತಾನಾಗಿ ತಿರುಗಿ, ಹಿಂದೆ ಬರುವ ಸೈಕಲ್ ಕಣ್ಣಿಗೆ ಬೀಳುತ್ತದೆ. ಸೈಕಲನ್ನು ದಾಟುವಾಗ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡುವಂತೆ ಮನೆಯ ಗಂಡಸರಿಗೂ ಹೇಳಿ. ಮಕ್ಕಳಿಗೆ ಎಡಬದಿಯಲ್ಲೇ ಸಾಗಲು ಕಲಿಸಿ. ದುಪಟ್ಟಾ, ಬುರ್ಖಾದ ಅಂಚು ಚಕ್ರಕ್ಕೆ ಸಿಗದಂತೆ ಕಟ್ಟಿಕೊಳ್ಳಲಿ. ಕತ್ತಲಾದರೆ ದೀಪವಿರಲಿ.

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆ ಆರಂಭವಾದಾಗ ಎಷ್ಟೋ ಹೆಣ್ಣುಮಕ್ಕಳಿಗೆ ಶಾಲೆ ಹತ್ತಿರವಾಯಿತು. ಆದರೆ ಸೈಕಲ್ ಕೊಟ್ಟರೆ ಸಾಲದು, ಅದು ಸಾಗುವ ದಾರಿಯೂ ಬೇಕು. ಮುಂದಿನ ಪೋಷಕರ ಸಭೆಯಲ್ಲಿ ಮಕ್ಕಳ ಅಂಕಗಳ ಜೊತೆಗೆ ಶಾಲೆಯ ದಾರಿಯ ಬಗ್ಗೆಯೂ ಒಂದು ಮಾತು ಕೇಳೋಣ. ಅಲ್ಲಿಯೂ ಅದು ತಾಯಿ ತಂದೆಯರ ಧ್ವನಿಯಿಂದಲೇ ಆರಂಭವಾದದ್ದಲ್ಲವೇ?