ಮಗಳು ಪೈಲಟ್ ಆಗ್ತೀನಿ ಅಂದರೆ...

ಒಂದು ಭಾನುವಾರ ಬೆಳಿಗ್ಗೆ ಇಡ್ಲಿಗೆ ಚಟ್ನಿ ರುಬ್ಬುತ್ತಿದ್ದೆ. ಅಕ್ಕನ ಫೋನು. 'ನೋಡೇ, ಇವಳು ಪೈಲಟ್ ಆಗ್ತಾಳಂತೆ. ನಿಮ್ಮ ಭಾವ ಮೈಸೂರಿನ ಸೈಟು ಮಾರಿ ಫೀಸು ಕಟ್ತೀನಿ ಅಂತ ಕೂತಿದ್ದಾರೆ. ನಾಳೆಯೊಳಗೆ ಅಡ್ವಾನ್ಸ್ ಕೊಟ್ಟರೆ ಮಾತ್ರ ಸೀಟಂತೆ. ನನಗಂತೂ ಕೈಕಾಲೇ ಆಡ್ತಿಲ್ಲ' ಅಂದಳು.

ಚಟ್ನಿ ಹಾಗೇ ಬಿಟ್ಟು ಓಡಿದೆ. ಅಲ್ಲಿ ಭಾವನ ಕೈಲಿ ಬಣ್ಣಬಣ್ಣದ ಬ್ರೋಷರ್. ಪಿಯುಸಿ ಮುಗಿಸಿದ ಹುಡುಗಿ ನನ್ನ ಪಕ್ಕ ಕೂತು, 'ಚಿಕ್ಕಮ್ಮ, ನೀನಾದ್ರೂ ಅಮ್ಮಂಗೆ ಹೇಳು' ಅಂತ ಗೋಗರೆದಳು. ಅಕ್ಕನಿಗೆ ಎರಡು ಭಯ. ಮಗಳು ಮೇಲಿಂದ ಬಿದ್ದರೆ ಅನ್ನೋದು ಒಂದು. ಸೈಟೂ ಹೋಗಿ ಕೆಲಸವೂ ಸಿಗದಿದ್ದರೆ ಅನ್ನೋದು ಇನ್ನೊಂದು.

ನಾನು ಬಿ.ಎ. ಓದಿದವಳು. ವಿಮಾನದ ಬಗ್ಗೆ ನನಗೆ ಗೊತ್ತಿದ್ದದ್ದು ಕಿಟಕಿ ಪಕ್ಕದ ಸೀಟು ಅಷ್ಟೇ. ಆದರೂ ಅವತ್ತು ಒಂದು ಮಾತು ಹೇಳಿದೆ: 'ಭಾವ, ಸೈಟು ಎಲ್ಲಿಗೂ ಓಡಿಹೋಗೋಲ್ಲ. ಒಂದು ತಿಂಗಳು ಸುಮ್ಮನಿರಿ, ಎಲ್ಲ ವಿಚಾರಿಸೋಣ.' ಭಾವನ ಮುಖ ಗಂಟಾಯಿತು. ಆ ಒಂದು ತಿಂಗಳಲ್ಲಿ ನಾವು ಕಲಿತದ್ದನ್ನು ನಿಮಗೂ ಹೇಳುತ್ತೇನೆ. ನಾಳೆ ನಿಮ್ಮ ಮನೆಯಲ್ಲೂ ಇದೇ ಮಾತು ಬರಬಹುದು!

ಮೂರು ಮೆಟ್ಟಿಲು

ನಮ್ಮ ದೇಶದಲ್ಲಿ ಪೈಲಟ್ ಲೈಸೆನ್ಸ್ ಕೊಡೋದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಮೊದಲ ಮೆಟ್ಟಿಲು ಸ್ಟೂಡೆಂಟ್ ಪೈಲಟ್ ಲೈಸೆನ್ಸ್. ಇದಕ್ಕೆ 16 ವರ್ಷ ತುಂಬಿ, ಹತ್ತನೇ ತರಗತಿ ಪಾಸಾಗಿರಬೇಕು. ವಾಹನ ಕಲಿಯುವಾಗ ಎಲ್.ಎಲ್. ಮಾಡಿಸುತ್ತೇವಲ್ಲ, ಹಾಗೆ ಅಂದುಕೊಳ್ಳಿ.

ಎರಡನೆಯದು ಪ್ರೈವೇಟ್ ಪೈಲಟ್ ಲೈಸೆನ್ಸ್. 17 ವರ್ಷ ಆಗಿರಬೇಕು, ಕನಿಷ್ಠ 40 ಗಂಟೆ ಹಾರಿರಬೇಕು. ಇದು ಹವ್ಯಾಸಕ್ಕೆ ಮಾತ್ರ, ಸಂಬಳಕ್ಕೆ ಹಾರಿಸುವ ಹಾಗಿಲ್ಲ. ಇದೊಂದಿದ್ದರೆ ಏರ್‌ಲೈನ್ ಕೆಲಸ ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮೂರನೆಯದೇ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್. 18 ವರ್ಷ ಆಗಿರಬೇಕು, ಒಟ್ಟು 200 ಗಂಟೆ ಹಾರಾಟ ಆಗಿರಬೇಕು. ಇದರಲ್ಲಿ 100 ಗಂಟೆ ತಾನೇ ವಿಮಾನದ ಹೊಣೆ ಹೊತ್ತು ಹಾರಿಸಿರಬೇಕು. 300 ನಾಟಿಕಲ್ ಮೈಲಿ, ಅಂದರೆ ಸುಮಾರು 555 ಕಿ.ಮೀ. ದೂರದ ಒಂದು ಪಯಣ ಮಾಡಿ, ದಾರಿಯಲ್ಲಿ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿಯಬೇಕು. ರಾತ್ರಿ ಹಾರಾಟ, ಬರೀ ಉಪಕರಣ ನೋಡಿಕೊಂಡು ಹಾರಿಸೋದು ಇವೂ ಲೆಕ್ಕಕ್ಕೆ ಸೇರುತ್ತವೆ.

ಸಿಪಿಎಲ್‌ಗೆ ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಬೇಕು ಅನ್ನೋದು ಬಹಳ ಕಾಲದಿಂದ ಬಂದ ನಿಯಮ. ಕಾಮರ್ಸ್, ಆರ್ಟ್ಸ್ ಓದಿದ ಮಕ್ಕಳು ರಾಷ್ಟ್ರೀಯ ಮುಕ್ತ ಶಾಲೆಯಿಂದ ಈ ಎರಡು ವಿಷಯ ಪಾಸು ಮಾಡಿಕೊಂಡು ಬಂದದ್ದೂ ಇದೆ. ನಿಯಮಗಳು ಆಗಾಗ ಬದಲಾಗುತ್ತವೆ. ಹಾಗಾಗಿ ಸೇರುವ ವಾರದಲ್ಲಿ ಡಿಜಿಸಿಎ ವೆಬ್‌ಸೈಟ್ ಒಮ್ಮೆ ನೋಡಿಬಿಡಿ.

ಫೀಸಿಗಿಂತ ಮೊದಲು ಡಾಕ್ಟರ್

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಒಂದು ರೂಪಾಯಿ ಫೀಸು ಕಟ್ಟುವ ಮುಂಚೆ ಮೆಡಿಕಲ್ ಮಾಡಿಸಿ. ಡಿಜಿಸಿಎ ಒಪ್ಪಿದ ವೈದ್ಯರ ಹತ್ತಿರವೇ ಮಾಡಿಸಬೇಕು, ನಮ್ಮ ಬೀದಿ ಕೊನೆಯ ಡಾಕ್ಟರ್ ಸರ್ಟಿಫಿಕೇಟ್ ನಡೆಯೋಲ್ಲ. ಮೊದಲು ಕ್ಲಾಸ್ 2, ಆಮೇಲೆ ಸಿಪಿಎಲ್‌ಗೆ ಬೇಕಾದ ಕ್ಲಾಸ್ 1. ಕ್ಲಾಸ್ 1 ಪರೀಕ್ಷೆ ಬೆಂಗಳೂರಿನಲ್ಲಿ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲೂ ನಡೆಯುತ್ತದೆ. ಕಣ್ಣು, ಕಿವಿ, ರಕ್ತ, ಇಸಿಜಿ ಎಲ್ಲ ನೋಡುತ್ತಾರೆ.

ನಮ್ಮ ಹುಡುಗಿಗೆ ಕನ್ನಡಕ ಇದೆ. ಅಕ್ಕನಿಗೆ ಒಳಗೊಳಗೇ ಸಮಾಧಾನ, 'ಹೇಗೂ ರಿಜೆಕ್ಟ್ ಆಗುತ್ತೆ ಬಿಡು' ಅಂತ! ಆದರೆ ಕನ್ನಡಕ ಹಾಕಿದ ಮೇಲೆ ದೃಷ್ಟಿ ಸರಿಯಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲವಂತೆ. ಅವಳು ಪಾಸಾದಳು. ಬಣ್ಣ ಗುರುತಿಸುವಲ್ಲಿ ದೋಷ ಇದ್ದರೆ ಮಾತ್ರ ಕಷ್ಟ. ಅಲ್ಲೇ ಬೆಂಚಿನ ಮೇಲೆ ಒಬ್ಬ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮಗನಿಗೆ ಅದೇ ದೋಷ. ಫೀಸಿನ ದೊಡ್ಡ ಕಂತು ಆಗಲೇ ಕಟ್ಟಿಯಾಗಿತ್ತು, ವಾಪಸ್ ಕೊಡೋಲ್ಲ ಅನ್ನುತ್ತಿದ್ದರಂತೆ. ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಭಾವ ಅವತ್ತಿನಿಂದ ಅವಸರದ ಮಾತು ಆಡಲಿಲ್ಲ.

ಪುಸ್ತಕದ ಕೆಲಸವೂ ಉಂಟು

ಪೈಲಟ್ ಅಂದರೆ ಬರೀ ಕಪ್ಪು ಕನ್ನಡಕ, ಬಿಳಿ ಯೂನಿಫಾರಂ ಅಲ್ಲ. ಏರ್ ನ್ಯಾವಿಗೇಷನ್, ಹವಾಮಾನಶಾಸ್ತ್ರ, ಏರ್ ರೆಗ್ಯುಲೇಷನ್ಸ್, ಟೆಕ್ನಿಕಲ್ ಅಂತ ಪರೀಕ್ಷೆಗಳಿವೆ. ಪಾಸಾಗಲು ಪ್ರತಿಯೊಂದರಲ್ಲೂ ಶೇ. 70 ಅಂಕ ಬೇಕು. ಇದಲ್ಲದೆ ನಿಲ್ದಾಣದ ಕಂಟ್ರೋಲ್‌ನವರ ಜೊತೆ ಮಾತಾಡಲು ರೇಡಿಯೊ ಟೆಲಿಫೋನಿ ಪರೀಕ್ಷೆ ಬೇರೆ. ಮೊದಲು ಇದು ದೂರಸಂಪರ್ಕ ಇಲಾಖೆಯ ಕೈಲಿತ್ತು, 2024ರ ಭಾರತೀಯ ವಾಯುಯಾನ ಅಧಿನಿಯಮ ಅದನ್ನು ಡಿಜಿಸಿಎಗೆ ಒಪ್ಪಿಸಿತು. ಈ ಓದನ್ನು ಮನೆಯಲ್ಲೇ ಕೂತು ಶುರು ಮಾಡಬಹುದು. ಓದಿನಲ್ಲಿ ಮಗುವಿಗೆ ನಿಜವಾದ ಆಸಕ್ತಿ ಇದೆಯೋ, ಬರೀ ಯೂನಿಫಾರಂ ಮೋಹವೋ ಅನ್ನೋದು ಅಮ್ಮನಿಗೆ ಎರಡೇ ತಿಂಗಳಲ್ಲಿ ಗೊತ್ತಾಗಿಬಿಡುತ್ತದೆ!

ಶಾಲೆ ಆರಿಸುವಾಗ

ಖರ್ಚು ಕಡಿಮೆಯಲ್ಲ. ಸಿಪಿಎಲ್ ಮುಗಿಯುವಷ್ಟರಲ್ಲಿ ಸಾಮಾನ್ಯವಾಗಿ 40 ಲಕ್ಷ ದಾಟುತ್ತದೆ. ಅಲ್ಲಿಗೇ ಮುಗಿಯಿತು ಅಂದುಕೊಳ್ಳಬೇಡಿ. ಏರ್‌ಲೈನ್‌ನ ದೊಡ್ಡ ವಿಮಾನ ಹಾರಿಸಲು ಟೈಪ್ ರೇಟಿಂಗ್ ಅನ್ನೋ ಇನ್ನೊಂದು ತರಬೇತಿ ಬೇಕು, ಅದಕ್ಕೂ ಹಲವು ಲಕ್ಷ. ಇಷ್ಟು ದೊಡ್ಡ ಮೊತ್ತದ ಸಾಲಕ್ಕೆ ಬ್ಯಾಂಕಿನವರು ಆಸ್ತಿಯ ಒತ್ತೆ ಕೇಳುತ್ತಾರೆ.

ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿದೆ, ಪ್ರವೇಶ ಪರೀಕ್ಷೆ ಬರೆಯಬೇಕು. ನಮ್ಮಲ್ಲಿ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಹಳೆಯದು. 2021ರಲ್ಲಿ ಬೆಳಗಾವಿ ಮತ್ತು ಕಲಬುರಗಿ ನಿಲ್ದಾಣಗಳಲ್ಲೂ ತರಬೇತಿ ಸಂಸ್ಥೆಗಳಿಗೆ ಜಾಗ ಕೊಡಲಾಯಿತು. ವಿದೇಶಕ್ಕೆ ಕಳಿಸುವವರಿಗೆ ಒಂದು ಕಿವಿಮಾತು: ಅಲ್ಲಿಯ ಲೈಸೆನ್ಸ್ ಇಲ್ಲಿ ನೇರವಾಗಿ ನಡೆಯೋಲ್ಲ, ಇಲ್ಲಿನ ಪರೀಕ್ಷೆ ಬರೆದು ಬದಲಾಯಿಸಿಕೊಳ್ಳಬೇಕು.

ಬ್ರೋಷರ್ ಕೊಟ್ಟಿದ್ದ ಆ ಸಂಸ್ಥೆಗೂ ನಾವು ಹೋಗಿ ನೋಡಿದೆವು. ಐದು ವಿಮಾನ ಅಂತ ಅಚ್ಚು ಹಾಕಿಸಿದ್ದರು. ಹಾರುತ್ತಿದ್ದದ್ದು ಎರಡೇ, ಉಳಿದವು ರಿಪೇರಿಗೆ ಕಾದು ಶೆಡ್ಡಿನಲ್ಲಿ ನಿಂತಿದ್ದವು. ಅಲ್ಲಿನ ಹುಡುಗನೊಬ್ಬ, 'ಆಂಟಿ, ಮೂರು ವಾರದಿಂದ ನನ್ನ ಸರದಿ ಬಂದಿಲ್ಲ' ಅಂದ. ಸರದಿ ತಡವಾದಷ್ಟೂ ಹಾಸ್ಟೆಲ್ ಖರ್ಚು ಏರುತ್ತದೆ, ವರ್ಷವೂ ಹೋಗುತ್ತದೆ. ನಮಸ್ಕಾರ ಹೇಳಿ ಬಂದೆವು.

ಭಯ ಬೇಡ್ವಾ?

ಭಯ ಇರಲಿ. ತರಬೇತಿಯಲ್ಲಿ ಅಪಘಾತ ಆಗೋದೇ ಇಲ್ಲ ಅಂತ ನಾನು ಹೇಳೋಲ್ಲ. ಆದರೆ ಕಲಿಯುವ ಸೆಸ್ನಾದಂಥ ಪುಟ್ಟ ವಿಮಾನದ ಎಂಜಿನ್ ನಿಂತರೂ ಅದು ಕಲ್ಲಿನ ಹಾಗೆ ಬೀಳೋಲ್ಲ. ತೇಲಿಕೊಂಡು ಬಂದು ಇಳಿಯುತ್ತದೆ, ಹಾಗೆ ಇಳಿಸೋದನ್ನೇ ಮತ್ತೆ ಮತ್ತೆ ಕಲಿಸುತ್ತಾರೆ. ಇನ್‌ಸ್ಟ್ರಕ್ಟರ್‌ಗೆ ಪೂರ್ತಿ ನಂಬಿಕೆ ಬರುವವರೆಗೆ ಒಬ್ಬಳನ್ನೇ ಬಿಡೋಲ್ಲ.

ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಅನ್ನುವ ಅತ್ತೆಯಂದಿರಿಗೆ ಸರಳಾ ಠಕ್ರಾಲ್ ಕಥೆ ಹೇಳಿ. 1936ರಲ್ಲಿ, 21ರ ವಯಸ್ಸಿನಲ್ಲಿ, ಸೀರೆಯುಟ್ಟು ಜಿಪ್ಸಿ ಮಾತ್ ವಿಮಾನ ಹಾರಿಸಿದಾಕೆ. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಳು! ನಮ್ಮ ಬೆಂಗಳೂರಿನಲ್ಲೇ ತರಬೇತಿ ಪಡೆದ ಉಷಾ ಸುಂದರಂ 1951ರಲ್ಲಿ ಪತಿಯ ಜೊತೆ ಲಂಡನ್ನಿನಿಂದ ಮುಂಬೈಗೆ ಡವ್ ವಿಮಾನವನ್ನು 27 ಗಂಟೆಗಳಲ್ಲಿ ಹಾರಿಸಿ ತಂದರು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತವರ ಮಹಿಳಾ ತಂಡ ಸ್ಯಾನ್‌ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೇ ಬಂದಿಳಿಯಿತು. ನಮ್ಮ ದೇಶದ ಪೈಲಟ್‌ಗಳಲ್ಲಿ ಸುಮಾರು ಶೇ. 15 ಮಂದಿ ಹೆಂಗಸರು. ಪ್ರಪಂಚದ ಸರಾಸರಿ ಇದಕ್ಕಿಂತ ಎಷ್ಟೋ ಕಡಿಮೆ.

ನಮ್ಮ ಹುಡುಗಿ ಈಗ ಬೇರೆ ಊರಿನಲ್ಲಿ ಕಲಿಯುತ್ತಿದ್ದಾಳೆ. ಸೈಟು ಮಾರಲಿಲ್ಲ, ಒತ್ತೆಯಿಟ್ಟು ಸಾಲ ತೆಗೆದರು. ಫೀಸು ಕಂತಿನಲ್ಲಿ. ಹೋದ ತಿಂಗಳು ಅವಳು ಮೊದಲ ಸಲ ಒಬ್ಬಳೇ ವಿಮಾನ ಹಾರಿಸಿ ಒಂದು ಸುತ್ತು ಹಾಕಿ ಇಳಿದಳು. ಇಳಿದ ಕೂಡಲೇ ಗೆಳೆಯರು ಬಕೆಟ್ಟುಗಟ್ಟಲೆ ನೀರು ಸುರಿದರಂತೆ, ಅದು ಅಲ್ಲಿನ ಪದ್ಧತಿ. ಫೋನಿನಲ್ಲಿ ಕಥೆ ಕೇಳಿದ ಅಕ್ಕ ಹೇಳಿದ್ದು ಒಂದೇ ಮಾತು: 'ಮೊದಲು ತಲೆ ಒರೆಸ್ಕೊಳೇ, ಶೀತ ಆಗುತ್ತೆ.'

ಆಮೇಲೆ ಫೋನಿಟ್ಟು ಅತ್ತಳು, ಖುಷಿಗೆ.

ಅಡ್ವಾನ್ಸ್ ಕೊಡುವ ಮುನ್ನ

* ಮೆಡಿಕಲ್ ಆಗಿದೆಯೇ? ಕ್ಲಾಸ್ 1 ಕೂಡ ಆಗಿಬಿಟ್ಟರೆ ಇನ್ನೂ ಒಳ್ಳೆಯದು.

* ಸಂಸ್ಥೆಗೆ ಡಿಜಿಸಿಎ ಮಾನ್ಯತೆ ಇದೆಯೇ? 2025ರಿಂದ ಡಿಜಿಸಿಎ ತರಬೇತಿ ಸಂಸ್ಥೆಗಳಿಗೆ ಶ್ರೇಣಿ ಕೊಡಲು ಶುರು ಮಾಡಿದೆ, ಅದನ್ನೂ ನೋಡಿ.

* ಇವತ್ತು ಹಾರುತ್ತಿರುವ ವಿಮಾನ ಎಷ್ಟು, ವಿದ್ಯಾರ್ಥಿಗಳು ಎಷ್ಟು, ಇನ್‌ಸ್ಟ್ರಕ್ಟರ್‌ಗಳು ಎಷ್ಟು? ಕಣ್ಣಾರೆ ನೋಡಿ, ಲೆಕ್ಕ ಹಾಕಿ.

* 200 ಗಂಟೆ ಮುಗಿಸಲು ಹಿಂದಿನ ಬ್ಯಾಚಿನವರಿಗೆ ಎಷ್ಟು ತಿಂಗಳು ಹಿಡಿಯಿತು? ಆಫೀಸಿನಲ್ಲಿ ಕೇಳಬೇಡಿ, ಮಕ್ಕಳನ್ನೇ ಕೇಳಿ.

* ಫೀಸು ಕಂತಿನಲ್ಲಿ ಕಟ್ಟಬಹುದೇ? ನಡುವೆ ಬಿಟ್ಟರೆ ಎಷ್ಟು ವಾಪಸ್? ಬಾಯಿಮಾತು ಸಾಲದು, ಬರೆಸಿಕೊಳ್ಳಿ.

* ಪೆಟ್ರೋಲ್ ಬೆಲೆ ಏರಿದರೆ, ಹೆಚ್ಚುವರಿ ಗಂಟೆ ಬೇಕಾದರೆ ಯಾರು ಕೊಡಬೇಕು?