ಕೋಣೆಗೊಂದು ನೆಲ: ಮನೆ ರಿಪೇರಿಗೆ ಹೊರಟ ತೋಟಿಗರಿಗೆ ಕೆಲವು ಮಾತು

ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ, ಇಲ್ಲವೆ ಮನೆಯಲ್ಲಿ ಮದುವೆ ನಿಶ್ಚಯವಾದ ವರ್ಷ, ತೋಟಿಗನ ಗಮನ ಮೊದಲು ಹರಿಯುವುದು ಮನೆಯ ನೆಲದ ಕಡೆಗೆ. ಮಾಡು ಸೋರಿದರೆ ಹಂಚು ತಿರುವಿ ಹಾಕಬಹುದು, ಗೋಡೆ ಮಾಸಿದರೆ ಸುಣ್ಣ ಬಳಿಯಬಹುದು. ನೆಲವನ್ನು ಮಾತ್ರ ಒಮ್ಮೆ ಕಿತ್ತು ಹಾಕಿದರೆ ಮತ್ತೆ ಇಪ್ಪತ್ತು-ಮೂವತ್ತು ವರ್ಷ ಮುಟ್ಟುವ ಶಕ್ತಿ ನಮ್ಮಲ್ಲಿ ಅನೇಕರಿಗೆ ಇರುವುದಿಲ್ಲ. ಹೀಗಿದ್ದೂ ಈ ನಿರ್ಧಾರ ಆಗುವುದು ಅಂಗಡಿಯಲ್ಲಿ, ಅರ್ಧ ಗಂಟೆಯೊಳಗೆ, ಬರಿಯ ಹೊಳಪು ನೋಡಿ. ಜಗಲಿಯಿಂದ ಬಚ್ಚಲಿನವರೆಗೆ ಒಂದೇ ಬಗೆಯ ನುಣುಪು ಟೈಲ್ಸ್ ಹಾಸಿ, ಮೊದಲ ಮಳೆಗಾಲದಲ್ಲೇ ಮನೆಯ ಹಿರಿಯರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಉದಾಹರಣೆಗಳಿಗೆ ಕೊರತೆಯಿಲ್ಲ. ಆದ್ದರಿಂದ ಗೌಂಡಿಯನ್ನು ಕರೆಯುವ ಮೊದಲು ಮನೆಯವರೆಲ್ಲ ಕುಳಿತು ವಿಚಾರ ಮಾಡಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಕೊಡಲಾಗಿದೆ.

ಕಾಳಿ ನದಿ ಸಮುದ್ರ ಸೇರುವಲ್ಲಿ, ಸದಾಶಿವಗಡದ ಮಗ್ಗುಲಲ್ಲಿರುವ ಚಿತ್ತಾಕುಲವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಲ್ಲಿ ಮನೆಯ ನೆಲಕ್ಕೆ ಮೂರು ಶತ್ರುಗಳು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಒಂದು, ಭೂಮಿಯಿಂದ ಮೇಲೇರುವ ಶೀತ ಇನ್ನೊಂದು, ಗಾಳಿಯಲ್ಲೂ ಮರಳಿನಲ್ಲೂ ಇರುವ ಉಪ್ಪು ಮೂರನೆಯದು. ಅಂಕೋಲೆಯ ಒಳನಾಡಿನಲ್ಲಿ, ಘಟ್ಟದ ಬುಡದ ತೋಟಗಳಲ್ಲಿ ಇರುವವರಿಗೆ ಉಪ್ಪಿನ ಕಾಟ ಕಡಿಮೆ. ಅದರ ಬದಲು ಒರಲೆಯ ಕಾಟ ಹೆಚ್ಚು. ಬೆಂಗಳೂರಿನ ಮನೆಗೆ ಒಪ್ಪುವ ನೆಲ ನಮ್ಮ ಮನೆಗೂ ಒಪ್ಪುತ್ತದೆಂದು ತಿಳಿಯಬಾರದು.

ಮೊದಲು ನೆಲದ ಕೆಳಗೆ ನೋಡಿ

ನಮ್ಮ ಕರಾವಳಿಯ ಮನೆಗಳು ನಿಂತಿರುವುದು ಚಿರೆಕಲ್ಲಿನ ಮೇಲೆ. 1801ರಲ್ಲಿ ಈ ಸೀಮೆಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಡಿಪುರದಲ್ಲಿ ಕಂಡ ಇದೇ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದ ಹೆಸರು ಇದು. ಕಡಿಯಲು ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ಆದರೆ ಮೈತುಂಬ ರಂಧ್ರ. ಮಳೆಗಾಲದಲ್ಲಿ ಪಂಚಾಂಗದ ಕಲ್ಲು ನೀರು ಹೀರಿ ಮೇಲಕ್ಕೆ ಕಳಿಸುತ್ತದೆ. ಈ ಶೀತವನ್ನು ತಡೆಯದೆ ಮೇಲೆ ಎಷ್ಟು ಬೆಲೆಯ ಕಲ್ಲು ಹಾಸಿದರೂ ಕೆಲವೇ ವರ್ಷಗಳಲ್ಲಿ ಸಂದುಗಳಲ್ಲಿ ಬಿಳಿ ಉಪ್ಪು ಮೂಡುತ್ತದೆ, ಟೈಲ್ಸ್ ಪೊಳ್ಳಾಗುತ್ತದೆ.

ನೆಲ ಒದ್ದೆಯಾಗುವುದಕ್ಕೆ ಎರಡು ಕಾರಣಗಳಿವೆ. ಎರಡಕ್ಕೂ ಮದ್ದು ಬೇರೆ. ಒಂದು, ಕೆಳಗಿನಿಂದ ಏರುವ ಶೀತ. ಇನ್ನೊಂದು, ಜೂನ್ ಆರಂಭದಲ್ಲಿ ಹೊರಗಿನ ತೇವದ ಗಾಳಿ ತಣ್ಣಗಿನ ನೆಲಕ್ಕೆ ತಾಗಿ ಹನಿಗಟ್ಟುವುದು. ‘ನೆಲ ಬೆವರಿತು’ ಎಂದು ನಾವು ಹೇಳುವುದು ಇದಕ್ಕೇ. ಯಾವುದೆಂದು ತಿಳಿಯಲು ಸುಲಭ ಪರೀಕ್ಷೆಯಿದೆ. ಹಳೆಯ ಸಿಮೆಂಟು ಅಥವಾ ಕಾವಿ ನೆಲದ ಒಂದು ಭಾಗವನ್ನು ಒಣಬಟ್ಟೆಯಿಂದ ಒರೆಸಿ, ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯೊಂದನ್ನು ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಅಂಟುಪಟ್ಟಿ ಹಚ್ಚಿ ಒಂದು ದಿನ ಬಿಡಿ. ಹಾಳೆಯ ಅಡಿಯಲ್ಲಿ ನೀರಿನ ಹನಿ ಕಂಡರೆ ಶೀತ ಭೂಮಿಯದು. ಅಡಿ ಒಣಗಿದ್ದು ಮೇಲ್ಭಾಗ ಮಾತ್ರ ಒದ್ದೆಯಾಗಿದ್ದರೆ ಅದು ಗಾಳಿಯದು. ಎರಡನೆಯದಕ್ಕೆ ನೆಲ ಕೀಳುವ ಅಗತ್ಯವೇ ಇಲ್ಲ. ಗಾಳಿ ಆಡುವಂತೆ ಕಿಟಕಿ ಮಾಡಿಸಿದರೆ ಸಾಕು. ಈ ಒಂದು ಪರೀಕ್ಷೆಯಿಂದ ಸಾವಿರಾರು ರೂಪಾಯಿ ಉಳಿದೀತು.

ಭೂಮಿಯ ಶೀತವೇ ಆಗಿದ್ದರೆ ಹಳೆಯ ನೆಲವನ್ನು ಪೂರ್ತಿ ತೆಗೆಯಬೇಕು. ಕೆಳಗಿನ ಮಣ್ಣನ್ನು ನೀರು ಹಾಕಿ ಚೆನ್ನಾಗಿ ದಮ್ಮಸು ಮಾಡಿ, ಅದರ ಮೇಲೆ ಆರು ಅಂಗುಲ ಗಟ್ಟಿ ಕಲ್ಲಿನ ಹಾಸು ಹಾಕಬೇಕು. ಕಲ್ಲಿನ ಮೊನೆಗಳ ಮೇಲೆ ತೆಳುವಾಗಿ ಮರಳು ಹರವಿ, 250 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆಯನ್ನು ಒಂದರ ಮೇಲೊಂದು ಅರ್ಧ ಅಡಿ ಬರುವಂತೆ ಹಾಸಿ, ಅಂಚನ್ನು ಗೋಡೆಯ ಬದಿಗೆ ಮಡಚಬೇಕು. ಅದರ ಮೇಲೆ ಒಂದು ಸಿಮೆಂಟು, ನಾಲ್ಕು ಮರಳು, ಎಂಟು ಜಲ್ಲಿಯ ಪ್ರಮಾಣದಲ್ಲಿ ನಾಲ್ಕು ಅಂಗುಲ ಕಾಂಕ್ರೀಟು. ಒರಲೆಯ ಔಷಧಿ ಹೊಡೆಸುವುದಿದ್ದರೆ ಹಾಳೆ ಹಾಸುವ ಮೊದಲೇ, ತಿಳಿದವರಿಂದಲೇ ಮಾಡಿಸಬೇಕು. ಬಾವಿ ಮನೆಗೆ ತಾಗಿಕೊಂಡಿದ್ದರೆ ಔಷಧಿಯ ಗೋಜಿಗೆ ಹೋಗದಿರುವುದೇ ಕ್ಷೇಮ.

ಮರಳಿನ ಬಗ್ಗೆ ಒಂದು ಮಾತು. ಕಾಳಿಯ ಅಳಿವೆಯ ಸುತ್ತಮುತ್ತ ಭರತದ ನೀರು ಹೊಳೆಯಲ್ಲಿ ಬಹುದೂರ ಏರುತ್ತದೆ. ಅಲ್ಲಿಯ ಮರಳಿನಲ್ಲಿ ಉಪ್ಪಿರುತ್ತದೆ. ಅಂಥ ಮರಳನ್ನು ಸಿಹಿನೀರಿನಲ್ಲಿ ತೊಳೆಯದೆ ಉಪಯೋಗಿಸಿದರೆ ನೆಲದಲ್ಲಿ ಬಿಳಿ ಹುಡಿ ಏಳುವುದು ತಪ್ಪದು, ಕಬ್ಬಿಣಕ್ಕೂ ತುಕ್ಕು ಬೇಗ ಹಿಡಿಯುತ್ತದೆ. ಕಲಸುವ ನೀರೂ ಕುಡಿಯಲು ಯೋಗ್ಯವಾದದ್ದೇ ಆಗಿರಬೇಕು.

ಹಳೆಯ ನೆಲಗಳ ಗುಣ

ಹೊಸದನ್ನು ಆರಿಸುವ ಮೊದಲು ಇದ್ದದ್ದರ ಗುಣ ತಿಳಿಯುವುದು ಒಳ್ಳೆಯದು. ಹಾಳೆಯ ತುಂಡಿನಿಂದ ಸೆಗಣಿ ಸಾರಿಸಿದ ಮಣ್ಣಿನ ನೆಲ ಬೇಸಿಗೆಯಲ್ಲಿ ತಂಪು, ಬಿದ್ದರೂ ಪೆಟ್ಟು ಕಡಿಮೆ. ಆದರೆ ಅದನ್ನು ಕಾಪಾಡುವ ದುಡಿಮೆಯೆಲ್ಲ ಹೆಂಗಸರ ಬೆನ್ನ ಮೇಲೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ, ಮಾಡಿನ ಹಂಚಿನೊಂದಿಗೆ ನೆಲಕ್ಕೆ ಹಾಸುವ ಕೆಂಪು ಹಂಚೂ ಕರಾವಳಿಯಲ್ಲಿ ಬಳಕೆಗೆ ಬಂತು. ಉತ್ತರ ಕನ್ನಡ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಆ ಮುಂಬಯಿಯಲ್ಲಿ 1922ರಲ್ಲಿ ಭಾರತ್ ಫ್ಲೋರಿಂಗ್ಸ್ ಎಂಬ ಕಂಪನಿ ಆರಂಭವಾಗಿ, ಹೊರದೇಶದಿಂದ ತರಿಸುತ್ತಿದ್ದ ಟೈಲ್ಸಿಗೆ ಬದಲಾಗಿ ಬಣ್ಣದ ಚಿತ್ತಾರದ ಸಿಮೆಂಟು ಟೈಲ್ಸನ್ನು ಸ್ವದೇಶದಲ್ಲೇ ತಯಾರಿಸತೊಡಗಿತು. ನಿಮ್ಮ ಮನೆಯಲ್ಲಿ ಇಂಥ ಹಳೆಯ ಸಿಮೆಂಟು ಟೈಲ್ಸ್ ಇದ್ದರೆ ದಯವಿಟ್ಟು ಒಡೆಯಬೇಡಿ. ಬಣ್ಣ ಮೇಲ್ಪದರದ ಆಳಕ್ಕೂ ಇರುವುದರಿಂದ ಉಜ್ಜಿಸಿದರೆ ಮತ್ತೆ ಹೊಸದಾಗುತ್ತದೆ.

ಕಾವಿ ನೆಲದ ಮಾತೂ ಹಾಗೆಯೇ. ಸಿಮೆಂಟಿಗೆ ಕೆಂಪು ಕಾವಿ ಬೆರೆಸಿ ಕರಣೆಯಿಂದ ಒತ್ತಿ ತಿಕ್ಕಿದ ಈ ನೆಲ ಬರಿಗಾಲಿಗೆ ಹಿತ, ತಿಕ್ಕಿದಷ್ಟೂ ಹೊಳಪು. ಸಂದು ಇಲ್ಲದ್ದರಿಂದ ಕೊಳೆ ನಿಲ್ಲದು. ದೋಷವೆಂದರೆ ಬಿರುಕು. ಅದಕ್ಕೆ ಕೋಣೆಯನ್ನು ಗಾಜಿನ ಪಟ್ಟಿಯಿಂದ ನಾಲ್ಕೈದು ಅಡಿಯ ಚೌಕಗಳಾಗಿ ವಿಂಗಡಿಸಬೇಕು, ಒಂದು ಕೋಣೆಯ ಕೆಲಸವನ್ನು ಒಂದೇ ದಿನ ಒಂದೇ ಕೈಯಲ್ಲಿ ಮುಗಿಸಬೇಕು, ಕನಿಷ್ಠ ಹತ್ತು ದಿನ ನೀರು ಕಟ್ಟಿ ನಿಲ್ಲಿಸಬೇಕು. ಬಲ್ಲ ಗೌಂಡಿಗಳು ಈಗ ವಿರಳ. ಸಿಕ್ಕರೆ ಮೊದಲು ಒಂದು ಮೂಲೆಯಲ್ಲಿ ಎರಡಡಿ ಮಾದರಿ ಮಾಡಿಸಿ, ಬಣ್ಣವನ್ನೂ ಕೈಗುಣವನ್ನೂ ನೋಡಿಯೇ ಒಪ್ಪಿಸಿ.

ಯಾವ ಕೋಣೆಗೆ ಯಾವುದು

ಜಗಲಿ: ಮಳೆಯ ಎರಚಲು, ಕೆಸರು ಕಾಲು, ಅಡಿಕೆ ಚೀಲ ಎಳೆದಾಟ ಎಲ್ಲ ಇಲ್ಲಿಯೇ. ನುಣುಪು ಇಲ್ಲಿ ಕೂಡದು. ಒರಟು ಮೈಯ ಗ್ರಾನೈಟ್, ಕೆಂಪು ಹಂಚು ಅಥವಾ ಕಾವಿ ಯೋಗ್ಯ. ಹೊರಕ್ಕೆ ಅಡಿಗೆ ಎಂಟರಲ್ಲೊಂದು ಅಂಗುಲ ಇಳಿಜಾರಿರಲಿ.

ನಡುಮನೆ ಮತ್ತು ದೇವರ ಕೋಣೆ: ವಿಟ್ರಿಫೈಡ್ ಟೈಲ್ಸಿಗೆ ಇದು ತಕ್ಕ ಜಾಗ. ಸಿಮೆಂಟು ಟೈಲ್ಸ್, ಕಾವಿ, ಗ್ರಾನೈಟ್ ಕೂಡ ಆಗುತ್ತದೆ. ಎಣ್ಣೆ ದೀಪದ ಕೆಳಗೆ ಕೆಂಪು ಹಂಚು ಬೇಡ. ಎಣ್ಣೆ ಹೀರಿ ಕಲೆಯಾಗುತ್ತದೆ.

ಅಡುಗೆ ಮನೆ: ಕಡಪಾ ಕಲ್ಲು, ಶಹಾಬಾದಿ ಫರ್ಸಿ ಎರಡೂ ಸುಣ್ಣಕಲ್ಲಿನ ಜಾತಿಯವು. ನಮ್ಮ ಅಡುಗೆಯ ಮುರುಗಲು, ಹುಣಸೆ, ಲಿಂಬೆಯ ಹುಳಿ ಬಿದ್ದಲ್ಲಿ ಹೊಳಪು ಕಚ್ಚಿಹೋಗುತ್ತದೆ. ಕಟ್ಟೆಗೆ ಗ್ರಾನೈಟ್, ನೆಲಕ್ಕೆ ಹೊಳಪಿಲ್ಲದ ವಿಟ್ರಿಫೈಡ್ ಉತ್ತಮ. ಕಟ್ಟಿಗೆ ಒಲೆ ಇನ್ನೂ ಉರಿಯುವ ಮನೆಯಲ್ಲಿ ಒಲೆಯ ಬುಡಕ್ಕೆ ಟೈಲ್ಸ್ ಬೇಡ, ಕಾವಿಗೆ ಸೀಳುತ್ತದೆ. ಅಲ್ಲಿ ಮಣ್ಣು ಅಥವಾ ಚಿರೆಕಲ್ಲೇ ಇರಲಿ.

ಮಲಗುವ ಕೋಣೆ: ವಯಸ್ಸಾದವರ ಕೋಣೆಗೆ ಕಾವಿ ಅಥವಾ ಹೊಳಪಿಲ್ಲದ ಟೈಲ್ಸ್. ಮುಖ್ಯವಾಗಿ ಅವರ ಮಂಚದಿಂದ ಬಚ್ಚಲಿನವರೆಗಿನ ದಾರಿಯಲ್ಲಿ ಒಂದಂಗುಲದ ಮೆಟ್ಟಿಲೂ ಕಣ್ಣಿಗೆ ಕಾಣದಂತೆ ಇರಬಾರದು. ಇದ್ದೇ ತೀರಬೇಕಾದರೆ ಬೇರೆ ಬಣ್ಣದ ಪಟ್ಟಿ ಹಾಕಿಸಿ. ಮರದ ಪುಡಿಯಿಂದ ಮಾಡಿದ ಲ್ಯಾಮಿನೇಟ್ ಹಾಸು ನಮ್ಮ ಮಳೆಗಾಲದ ತೇವಕ್ಕೆ ಉಬ್ಬುತ್ತದೆ. ಅದರ ಆಸೆ ಬಿಡುವುದು ಲೇಸು.

ಬಚ್ಚಲು: ಇಡೀ ಮನೆಯಲ್ಲಿ ಅತ್ಯಂತ ಎಚ್ಚರದಿಂದ ಆರಿಸಬೇಕಾದ ನೆಲ ಇದು. ಒಂದಡಿ ಚೌಕದ, ಒರಟು ಮೈಯ ಸಣ್ಣ ಟೈಲ್ಸ್ ಹಾಕಿಸಿ. ಸಂದು ಹೆಚ್ಚಿದ್ದಷ್ಟೂ ಕಾಲಿಗೆ ಹಿಡಿತ ಹೆಚ್ಚು. ಕೆಲವು ಟೈಲ್ಸ್ ಪೆಟ್ಟಿಗೆಗಳ ಮೇಲೆ ಆರ್-9ರಿಂದ ಆರ್-13ರವರೆಗೆ ಜಾರುವಿಕೆಯ ಗುರುತು ಇರುತ್ತದೆ. ಅಂಕಿ ಹೆಚ್ಚಿದಷ್ಟೂ ಜಾರುವುದು ಕಡಿಮೆ. ಬಚ್ಚಲಿಗೆ ಆರ್-10 ಅಥವಾ ಆರ್-11 ಕೇಳಿ. ಗುರುತು ಇಲ್ಲದಿದ್ದರೆ ಅಂಗಡಿಯಲ್ಲೇ ಟೈಲ್ಸಿಗೆ ನೀರು ಚಿಮುಕಿಸಿ, ಚಪ್ಪಲಿ ಬಿಟ್ಟು, ಬರಿಗಾಲಿನಿಂದ ಉಜ್ಜಿ ನೋಡಿ. ಅಂಗಡಿಯವರು ನಕ್ಕರೆ ನಗಲಿ. ನೀರು ಹೋಗುವ ಕಡೆಗೆ ಅಡಿಗೆ ಕಾಲಂಗುಲ ಇಳಿಜಾರು ಬೇಕು. ಗೋಡೆಗೆ ಹಿಡಿಕೆಯ ಕೊಳವೆ ಕೂಡಿಸುವುದನ್ನು ಇದೇ ಹೊತ್ತಿನಲ್ಲಿ ಮುಗಿಸಿ. ಗೋಡೆಯ ಟೈಲ್ಸನ್ನು ಎಂದೂ ನೆಲಕ್ಕೆ ಹಾಕಬೇಡಿ. ಅದು ತನ್ನ ತೂಕದ ನೂರಕ್ಕೆ ಹತ್ತಕ್ಕಿಂತ ಹೆಚ್ಚು ನೀರು ಹೀರುತ್ತದೆ. ವಿಟ್ರಿಫೈಡ್ ಹೀರುವುದು ಅರ್ಧ ಪಾಲಿಗಿಂತ ಕಡಿಮೆ.

ಉಗ್ರಾಣ: ಬೆಳೆಗಾರನ ಮನೆಯಲ್ಲಿ ನಡುಮನೆಗಿಂತ ಮುಖ್ಯ ಕೋಣೆ ಇದು, ಆದರೂ ಹಣ ಮುಗಿದ ಮೇಲೆ ನೆನಪಾಗುವುದೂ ಇದೇ. ಕಾಫಿ ಚೆರಿಯನ್ನು ನೂರಕ್ಕೆ 12ರಷ್ಟು, ಅರೇಬಿಕಾ ಪಾರ್ಚ್‌ಮೆಂಟನ್ನು ನೂರಕ್ಕೆ 10ರಷ್ಟು ತೇವಕ್ಕೆ ಒಣಗಿಸಿ ತಂದರೂ, ಶೀತದ ನೆಲದ ಮೇಲೆ ಚೀಲ ಪೇರಿಸಿದರೆ ತೇವ ಮತ್ತೆ ಏರಿ ಬೂಸ್ಟು ಹಿಡಿಯುತ್ತದೆ. ಚಾಲಿ ಅಡಿಕೆಗೂ ಇದೇ ಗತಿ. ಬೂಸ್ಟಿನಿಂದ ಧಾರಣೆ ಬೀಳುವುದಷ್ಟೇ ಅಲ್ಲ, ಕೆಲವು ಬಗೆಯ ಬೂಸ್ಟು ಆರೋಗ್ಯಕ್ಕೂ ವಿಷ. ಆದ್ದರಿಂದ ಪ್ಲಾಸ್ಟಿಕ್ ಹಾಳೆಯ ತಡೆ ಇರುವ ಗಟ್ಟಿ ಕಾಂಕ್ರೀಟು ನೆಲ ಮೊದಲು ಆಗಬೇಕಾದದ್ದು ಇಲ್ಲಿ. ಮೇಲೆ ಟೈಲ್ಸ್ ಬೇಕಿಲ್ಲ. ಅದರ ಹಣದಲ್ಲಿ ಅರ್ಧ ಅಡಿ ಎತ್ತರದ ಹಲಗೆಯ ಅಟ್ಟಣೆ ಮಾಡಿಸಿ, ಗೋಡೆಯಿಂದ ಒಂದಡಿ ಬಿಟ್ಟು ಚೀಲ ಇಡಿ.

ಅಂಗಳ: ಕಾಫಿ ಬೇಗ ವಾಸನೆ ಹೀರುವ ವಸ್ತು, ಮಣ್ಣಿನ ಅಥವಾ ಸೆಗಣಿ ಸಾರಿಸಿದ ಅಂಗಳದಲ್ಲಿ ಒಣಗಿಸಬಾರದು. ಇಡೀ ಅಂಗಳಕ್ಕೆ ಸಿಮೆಂಟು ಹಾಕಿಸಲು ಸಾಧ್ಯವಾಗದವರು ಬೆಳೆಗೆ ಬೇಕಾದಷ್ಟು ಭಾಗಕ್ಕೆ ಮಾತ್ರ ಹಾಕಿಸಿ, ಉಳಿದದ್ದನ್ನು ಹಾಗೆಯೇ ಬಿಡಲಿ. ಮಳೆನೀರು ಇಂಗಲೂ ಜಾಗ ಬೇಕು. ಹಾಕಿಸಿದ ಭಾಗದ ಇಳಿಜಾರು ಮಾತ್ರ ಮನೆಯಿಂದ ಹೊರಗಿರಲಿ.

ಅಳತೆಯ ಲೆಕ್ಕ

12 ಅಡಿ ಅಗಲ, 14 ಅಡಿ ಉದ್ದದ ಕೋಣೆ 168 ಚದರಡಿ. ಕತ್ತರಿಸುವಾಗ, ಒಡೆಯುವಾಗ ಹೋಗುವ ಬಾಬ್ತು ನೂರಕ್ಕೆ ಹತ್ತು ಸೇರಿಸಿದರೆ ಸುಮಾರು 185 ಚದರಡಿ. ‘ಎರಡಡಿ’ ಎಂದು ಮಾರುವ ಟೈಲ್ಸ್ ನಿಜಕ್ಕೂ 600 ಮಿಲಿಮೀಟರು. ನಾಲ್ಕು ಟೈಲ್ಸಿನ ಪೆಟ್ಟಿಗೆ ತುಂಬುವುದು 16 ಅಲ್ಲ, 15.5 ಚದರಡಿ. ಆದ್ದರಿಂದ ಬೇಕಾದದ್ದು 12 ಪೆಟ್ಟಿಗೆ. ಎಲ್ಲ ಪೆಟ್ಟಿಗೆಗಳ ಮೇಲಿನ ತಯಾರಿಕೆಯ ಸಂಖ್ಯೆ ಒಂದೇ ಇದೆಯೇ ನೋಡಿ. ಬೇರೆಯಾದರೆ ಬಣ್ಣ ಬೇರೆ. ಒಂದು ಪೆಟ್ಟಿಗೆ ಹೆಚ್ಚಿಗೆ ತಂದು ಅಟ್ಟದ ಮೇಲಿಡಿ. ಹತ್ತು ವರ್ಷದ ನಂತರ ಅದೇ ಟೈಲ್ಸ್ ಸಿಗುವುದು ದುರ್ಲಭ.

ವಿಟ್ರಿಫೈಡ್ ನೀರು ಹೀರದ ಕಾರಣ ಹಳೆಯ ನೆಲದ ಮೇಲೆ ಬರಿಯ ಸಿಮೆಂಟು ಹಾಲಿನಲ್ಲಿ ಅದು ಕಚ್ಚಿ ನಿಲ್ಲದು. ಅದಕ್ಕೆಂದೇ ಬರುವ ಅಂಟನ್ನು ಬಳಸಬೇಕು. ಟೈಲ್ಸ್ ನಡುವೆ ಎರಡು-ಮೂರು ಮಿಲಿಮೀಟರು ಸಂದು, ಗೋಡೆಯ ಬದಿಗೆ ಸ್ವಲ್ಪ ಹೆಚ್ಚು ಬಿಡಿಸಿ. ಒತ್ತೊತ್ತಾಗಿ ಕೂಡಿಸಿದ ಟೈಲ್ಸ್ ಬಿಸಿಲಿಗೆ ಹಿಗ್ಗಿ ಎದ್ದು ನಿಲ್ಲುವುದುಂಟು. ಕೆಲಸ ಮುಗಿದ ಮೇಲೆ ನಾಣ್ಯದಿಂದ ಒಂದೊಂದನ್ನೂ ಬಡಿದು ನೋಡಿ, ಪೊಳ್ಳು ಸದ್ದು ಬಂದದ್ದನ್ನು ತೆಗೆಸಿ ಕೂಡಿಸಿದ ನಂತರವೇ ಕೊನೆಯ ಕಂತು ಕೊಡಿ.

ಯಾವಾಗ ಮಾಡಿಸಬೇಕು?

ಮಳೆಗಾಲದಲ್ಲಿ ನೋಡಿ, ಬೇಸಿಗೆಯಲ್ಲಿ ಮಾಡಿಸಿ. ಶೀತ ಎಲ್ಲಿಂದ ಬರುತ್ತದೆ, ಎರಚಲು ಎಲ್ಲಿಯವರೆಗೆ ಬೀಳುತ್ತದೆ, ಮನೆಯವರು ಎಲ್ಲಿ ಜಾರುತ್ತಾರೆ ಎಂಬುದು ಜುಲೈಯಲ್ಲಿ ತಾನಾಗಿ ತಿಳಿಯುತ್ತದೆ. ಅಡಿಕೆ ಕೊಯ್ಲು, ಕಾಫಿ ಕೊಯ್ಲಿನ ದಿನಗಳಲ್ಲಿ ಅಂಗಳವೂ ಬಿಡುವಿಲ್ಲ, ಮನೆಯವರಿಗೂ ಬಿಡುವಿಲ್ಲ. ಬೆಳೆ ಒಳಗೆ ಬಂದ ಮೇಲೆ, ಏಪ್ರಿಲ್ ಆರಂಭದಲ್ಲೇ ಕೆಲಸಕ್ಕೆ ಕೈಹಾಕಿದರೆ ಬಾವಿಯ ನೀರು ತಳ ಕಾಣುವ ಮೊದಲು ನೆಲಕ್ಕೆ ನೀರುಣಿಸಿ ಮುಗಿಸಬಹುದು.

ಹಣ ಸಾಲದೆಂದು ಎಲ್ಲ ಕೋಣೆಗೂ ಅಗ್ಗದ ಸರಕು ಹಾಕಿಸುವುದಕ್ಕಿಂತ, ವರ್ಷಕ್ಕೊಂದೆರಡು ಕೋಣೆಯಂತೆ ಸರಿಯಾಗಿ ಮಾಡಿಸುವುದು ಜಾಣತನ. ಸರದಿ ಹೀಗಿರಲಿ: ಮೊದಲು ಬಚ್ಚಲು, ಅಲ್ಲಿ ಜೀವದ ಪ್ರಶ್ನೆಯಿದೆ, ನಂತರ ಉಗ್ರಾಣ, ಅಲ್ಲಿ ವರ್ಷದ ಅನ್ನವಿದೆ, ಆಮೇಲೆ ಜಗಲಿ, ಅಡುಗೆ ಮನೆ. ನೆಂಟರಿಷ್ಟರು ಬಂದು ಹೊಗಳುವ ನಡುಮನೆ ಕೊನೆಗೆ ಆದರೂ ನಷ್ಟವಿಲ್ಲ. ಅಂಗಡಿಗೆ ಹೋಗುವ ದಿನ ಮನೆಯ ಹೆಂಗಸರನ್ನು ತಪ್ಪದೆ ಕರೆದುಕೊಂಡು ಹೋಗಿ. ನೆಲ ಒರೆಸುವವರಿಗೆ ಅದರ ಗುಣ ಗೊತ್ತಾಗುವಷ್ಟು ಹಣ ಕೊಡುವವರಿಗೆ ಗೊತ್ತಾಗುವುದಿಲ್ಲ.